ಯಾರ ಕೈ?

ನಮ್ಮೂರಿನಲ್ಲಿ ಹೆಂಗಸೊಬ್ಬಳ ಜಡೆ ಚೆನ್ನಾಗಿ ಬೆಳೆದಿದ್ದರೆ ‘ಯಾವ ಎಣ್ಣೆ?’ ಎಂದು ಯಾರೂ ಕೇಳುವುದಿಲ್ಲ, ‘ಯಾರ ಕೈ?’ ಎಂದು ಕೇಳುತ್ತಾರೆ. ಎಣ್ಣೆ ಎಲ್ಲರ ಮನೆಯಲ್ಲೂ ಒಂದೇ. ಗಾಣದ ಕೊಬ್ಬರಿ ಎಣ್ಣೆ, ಅದಕ್ಕೆ ನಾಲ್ಕು ಚಮಚ ಹರಳೆಣ್ಣೆ, ಒಂದು ಹಿಡಿ ಗರುಗದ ಸೊಪ್ಪು, ಎರಡು ಎಸಳು ಕರಿಬೇವು. ಸಣ್ಣ ಉರಿಯಲ್ಲಿ ಕಾಯಿಸಿ ಇಳಿಸಿದರೆ ಮುಗಿಯಿತು. ಆದರೆ ಅದನ್ನು ನಿಮ್ಮ ತಲೆಗೆ ನೀವೇ ಕೊಡಗಟ್ಟಲೆ ಸುರಿದುಕೊಂಡರೂ ಕೂದಲು ಎಳ್ಳಿನಷ್ಟು ಮುಂದೆ ಹೋಗುವುದಿಲ್ಲ. ಇನ್ನೊಬ್ಬರು ಹಿಂದೆ ಕೂತು ಹಚ್ಚಬೇಕು, ತಟ್ಟಬೇಕು, ಸಿಕ್ಕು ಬಿಡಿಸಿ ಬಾಚಬೇಕು. ಆಗ ಮಾತ್ರ ತಿಂಗಳಿಗೆ ಒಂದು ಬೆರಳಗಲ ಬೆಳೆಯುತ್ತದೆ. ಬೇರೆ ಊರುಗಳಲ್ಲಿ ಕೂದಲು ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ ಎಂದು ಹೇಳಿದವರುಂಟು. ಇರಬಹುದು, ನಾನು ನೋಡಿಲ್ಲ.

ಹೀಗಾಗಿ ನಮ್ಮಲ್ಲಿ ಗುಟ್ಟು ಎನ್ನುವುದು ಉಳಿಯುವುದಿಲ್ಲ. ಯಾವ ಮನೆಯಲ್ಲಿ ಗಂಡ ಹೆಂಡತಿ ಮುಖ ತಿರುಗಿಸಿಕೊಂಡಿದ್ದಾರೆ ಎಂದು ತಿಳಿಯಲು ಗೋಡೆಗೆ ಕಿವಿ ಕೊಡಬೇಕಾಗಿಲ್ಲ, ಇಬ್ಬರ ತಲೆ ನೋಡಿದರೆ ಸಾಕು. ಹೊರಗಿನಿಂದ ಬಂದವನೊಬ್ಬ ಪೇಟೆಬೀದಿಯಲ್ಲಿ ಕ್ಷೌರದಂಗಡಿ ತೆರೆದು ಆರು ತಿಂಗಳು ನೊಣ ಹೊಡೆದ. ಆಮೇಲೆ ಬುದ್ಧಿ ಬಂದು ಕತ್ತರಿ ಒಳಗಿಟ್ಟು ಎಣ್ಣೆ ತಟ್ಟಲು ಕೂತ. ಈಗ ಊರಿನ ಅರ್ಧ ಬ್ರಹ್ಮಚಾರಿಗಳ ಕ್ರಾಪು ಅವನ ಕೈಯದು. ಕೆಳಗಿನ ಕೇರಿಯ ಇಬ್ಬರು ವಾರಗಿತ್ತಿಯರು ಬಾವಿಹಗ್ಗದ ಜಗಳದಲ್ಲಿ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಆದರೂ ಶುಕ್ರವಾರ ಬೆಳಗಾದರೆ ಒಬ್ಬಳ ಹಿಂದೆ ಒಬ್ಬಳು ತುಟಿ ಪಿಟಕ್ಕೆನ್ನದೆ ಕೂತು ಬಾಚುತ್ತಾರೆ. ‘ಬಾಯಿ ಬಿಟ್ಟಿದ್ದಾರೆ, ಕೈ ಬಿಟ್ಟಿಲ್ಲ’ ಎಂದು ಜನ ನಗುತ್ತಾರೆ.

ಇನ್ನೊಂದು ಪದ್ಧತಿ ಹೇಳಿಬಿಡಬೇಕು, ನನ್ನ ಮಾನ ಹೋಗಿರುವುದು ಅದರಲ್ಲೇ. ನಮ್ಮೂರಿನಲ್ಲಿ ‘ಎಣ್ಣೆ ಹಚ್ಚಲಾ?’ ಎಂದು ಕೇಳಿದ ಕೂಡಲೇ ಯಾರೂ ಬಂದು ಕೂರುವುದಿಲ್ಲ. ಒಮ್ಮೆ ಕೇಳಿದರೆ ಬೇಡ ಎನ್ನಬೇಕು. ಇನ್ನೊಮ್ಮೆ ಕೇಳಿದರೂ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಮಣೆ ಎಳೆದುಕೊಂಡು ಕೂರಬೇಕು. ‘ಮೊದಲ ಬೇಡ ಮರ್ಯಾದೆಗೆ, ಎರಡನೇ ಬೇಡ ಮಾನಕ್ಕೆ, ಮೂರನೇದಕ್ಕೆ ಮಣೆ’ ಎಂಬುದು ಇಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯನ್ನು ನಾನೇ ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

ನನ್ನ ಹೆಸರು ನಾಗವೇಣಿ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎನ್ನುತ್ತಾರಲ್ಲ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಜಡೆ ಇಲಿಬಾಲದಂತಿತ್ತು. ಐದು ವರ್ಷದವಳಿದ್ದಾಗ ಅಮ್ಮ ಹೋದಳು. ಅಪ್ಪ ದರ್ಜಿ. ನೆನಪಾದಾಗ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು, ಯಂತ್ರಕ್ಕೆ ಬಿಟ್ಟ ಎಣ್ಣೆಯ ಕೈಯಲ್ಲೇ ಎರಡು ಸಲ ಬಾಚಿ ಹೋಗುತ್ತಿದ್ದ. ಅವನಿಗೆ ನೆನಪಾದಷ್ಟು ಬೆಳೆಯಿತು. ಶಾಲೆಯಲ್ಲಿ ಯಾರಾದರೂ ಹುಡುಗಿಯರು ‘ಯಾರ ಕೈಯೇ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರೆ ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಗಂಡ ಗುರುಸಿದ್ದಪ್ಪನದು ಹಿಟ್ಟಿನ ಗಿರಣಿ. ಒಳ್ಳೆಯವರು, ಆದರೆ ರೆಪ್ಪೆಯವರೆಗೂ ಹಿಟ್ಟು. ‘ಎಣ್ಣೆಗೆ ಹಿಟ್ಟು ಮೆತ್ತಿದರೆ ನಿನ್ನ ತಲೆಯಲ್ಲಿ ರೊಟ್ಟಿ ತಟ್ಟಬೇಕಾಗುತ್ತೆ’ ಎಂದು ಮೊದಲ ವಾರವೇ ನಗುತ್ತ ಹೇಳಿ ಕೈ ತೊಳೆದುಕೊಂಡರು. ಮನೆಯಲ್ಲಿ ಇದ್ದವರು ಇನ್ನಿಬ್ಬರು: ನನ್ನತ್ತೆ, ಮತ್ತು ಗಂಡನ ಅಕ್ಕ ಚೆನ್ನಾಜಮ್ಮ, ನನಗೆ ಅತ್ತಿಗೆ. ಆಗ ಅವರಿಗೆ ಮೂವತ್ತನಾಲ್ಕು. ಹತ್ತು ವರ್ಷದ ಹಿಂದೆ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಬಂದವರು ಮತ್ತೆ ಹೋಗಿರಲಿಲ್ಲ. ಯಾಕೆ ಎಂದು ಅವರು ಹೇಳಲಿಲ್ಲ. ‘ಬಾಳಲಾರದೆ ಬಂದವಳು’ ಎಂದು ಊರೇ ಒಂದು ಹೆಸರಿಟ್ಟಿತು. ನನ್ನತ್ತೆಗೆ ಆ ಹೆಸರು ಎಷ್ಟು ನಾಟಿತೆಂದರೆ, ಮಗಳ ತಲೆಯನ್ನು ಅಂದಿನಿಂದ ಮುಟ್ಟಲಿಲ್ಲ. ಬಂದ ದಿನ ಕುತ್ತಿಗೆಯವರೆಗಿದ್ದ ಕೂದಲು ಹತ್ತು ವರ್ಷವೂ ಕುತ್ತಿಗೆಯವರೆಗೇ ನಿಂತಿತು. ಅತ್ತಿಗೆ ಅದರ ಮೇಲೆ ಸದಾ ಸೆರಗು ಹೊದ್ದಿರುತ್ತಿದ್ದರು.

ನಾನು ಬಂದ ಮೂರನೆಯ ದಿನ ನನ್ನನ್ನು ಹಿತ್ತಲಿನಲ್ಲಿ ನಿಲ್ಲಿಸಿ ನೋಡಿದರು. ‘ಇದೇನೇ ನಾಗಿ, ತಲೆಯೋ ಗುಬ್ಬಚ್ಚಿ ಗೂಡೋ? ಎಣ್ಣೆ ಹಚ್ಚಲಾ?’

‘ಬೇಡಿ ಅತ್ತಿಗೆ’ ಎಂದೆ, ಮರ್ಯಾದೆಗೆ.

‘ಹಚ್ತೀನಿ ಬಾರೇ.’

‘ಬೇಡ, ನಿಮಗ್ಯಾಕೆ ತೊಂದರೆ’ ಎಂದೆ, ಮಾನಕ್ಕೆ. ಇವರು ಮೂರನೆಯ ಸಲ ಕೇಳದಿದ್ದರೆ ಏನು ಗತಿ ಎಂದು ನನಗೆ ಅಳುವೇ ಬಂದಿತ್ತು.

‘ಎಣ್ಣೆ ಬಿಸಿ ಇದೆ, ಆರಿದ ಮೇಲೆ ನೆಗಡಿ ಆಗುತ್ತೆ. ಕೂತ್ಕೋತೀಯೋ ಇಲ್ವೋ?’

ಮಣೆ ಎಳೆದುಕೊಂಡು ಕೂತೆ. ಅವರ ಬೆರಳು ತಲೆಗೆ ತಾಗಿದಾಗ ನಿಜಕ್ಕೂ ಅತ್ತುಬಿಟ್ಟೆ. ಅವರು ನೋಡಿಯೂ ನೋಡದವರಂತೆ ನೆತ್ತಿ ತಟ್ಟುತ್ತ ಕೂತರು.

ಅಂದಿನಿಂದ ಮೂವತ್ತೊಂದು ವರ್ಷ. ವಾರಕ್ಕೆರಡು ಸಲ ಎಣ್ಣೆ, ಉಗುರು ತಾಕದ ಹಾಗೆ ಬೆರಳ ತುದಿಯಲ್ಲಿ. ಶುಕ್ರವಾರ ಸೀಗೆಕಾಯಿ, ಬೇಸಿಗೆಯಾದರೆ ಅದಕ್ಕೆ ದಾಸವಾಳದ ಎಲೆಯ ಲೋಳೆ. ತಿಂಗಳಿಗೊಮ್ಮೆ ನೆನೆಸಿ ರುಬ್ಬಿದ ಮೆಂತ್ಯ. ಒದ್ದೆ ತಲೆಗೆ ಬಾಚಣಿಗೆ ತಾಗಿಸಲು ಬಿಡುತ್ತಿರಲಿಲ್ಲ. ‘ಒದ್ದೆ ಕೂದಲು ಬಸುರಿ ಇದ್ದ ಹಾಗೆ, ಎಳೀಬಾರದು’ ಎನ್ನುತ್ತಿದ್ದರು. ಸಿಕ್ಕು ಬಿಡಿಸುವಾಗ ತುದಿಯಿಂದ ಶುರು ಮಾಡಿ ಮೇಲೆ ಹೋಗಬೇಕು. ಮೇಲಿನಿಂದ ಎಳೆಯುವವರು ಕೂದಲನ್ನಲ್ಲ, ತಮ್ಮ ಸಿಟ್ಟನ್ನು ಬಾಚುತ್ತಾರಂತೆ. ತಟ್ಟೆಯಲ್ಲಿ ನುಗ್ಗೆಸೊಪ್ಪು ಬಿಟ್ಟರೆ ಎಣ್ಣೆ ಹಚ್ಚುವುದಿಲ್ಲ ಎಂದು ಬಟ್ಟಲು ತೋರಿಸಿ ಹೆದರಿಸುತ್ತಿದ್ದರು. ನನ್ನ ಜಡೆ ಸೊಂಟ ದಾಟಿತು, ಮಂಡಿ ದಾಟಿತು. ಬೀದಿಯಲ್ಲಿ ನಡೆದರೆ ಹೆಂಗಸರು ಹಿಂತಿರುಗಿ ನೋಡುತ್ತಿದ್ದರು. ನನ್ನ ನಡಿಗೆಯೇ ಬದಲಾಯಿತು. ಇಲಿಬಾಲದ ಹುಡುಗಿಯನ್ನು ನಾನು ಎಷ್ಟು ಬೇಗ ಮರೆತೆ ಎಂದರೆ, ಬಿಡಿ.

ನಾನು ಅವರನ್ನು ಕೇಳಿದೆನೇ? ಕೇಳಿದೆ. ಮದುವೆಯಾಗಿ ಒಂದು ತಿಂಗಳಾಗಿತ್ತು. ನನ್ನ ತಲೆ ಮುಗಿಸಿ ಅವರು ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನು ಮೊಣಕೈಗೆ ಸವರಿಕೊಳ್ಳುತ್ತಿದ್ದರು. ‘ಅತ್ತಿಗೆ, ನಿಮ್ಮ ತಲೆಗೂ ಹಚ್ಚಲಾ?’ ಎಂದೆ.

‘ಬೇಡ ಬಿಡೇ, ನನಗೇನು’ ಎಂದು ಸೆರಗು ಸರಿಮಾಡಿಕೊಂಡರು. ಆದರೆ ಏಳಲಿಲ್ಲ. ಬಟ್ಟಲು ಕೈಯಲ್ಲೇ ಇತ್ತು. ಅವರು ಹಾಗೇ ಕೂತಿದ್ದು ನನಗೆ ಈಗಲೂ ಕಾಣುತ್ತದೆ.

ಒಳಗಿನಿಂದ ನನ್ನತ್ತೆ ಕೆಮ್ಮಿದರು. ಅದು ಬರೀ ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ಬಾಳಲಾರದೆ ಬಂದವಳ ತಲೆಯನ್ನು ಹೊಸ ಸೊಸೆ ಮುಟ್ಟುವುದು ಅವರಿಗೆ ಬೇಕಿರಲಿಲ್ಲ. ಆದರೆ ಎಲ್ಲವನ್ನೂ ಸತ್ತ ಅತ್ತೆಯ ತಲೆಗೆ ಕಟ್ಟುವುದು ಸರಿಯಲ್ಲ. ಆ ‘ಬೇಡ’ ಕಿವಿಗೆ ಬಿದ್ದಾಗ ನನಗೆ ಹಗುರವೇ ಆಯಿತು. ನನಗೆ ಮಾಡಿಸಿಕೊಂಡು ರೂಢಿಯಾಗುತ್ತಿತ್ತು, ಮಾಡಲು ಸೋಮಾರಿತನ. ಬೇಡ ಎಂದರಲ್ಲ, ಸರಿ ಎಂದು ಎದ್ದು ಹೋದೆ. ಅತ್ತೆ ಎರಡೇ ವರ್ಷದಲ್ಲಿ ತೀರಿಕೊಂಡರು. ಆಮೇಲೆ ಕೆಮ್ಮುವವರು ಯಾರೂ ಇರಲಿಲ್ಲ. ಆದರೂ ನಾನು ಎರಡನೆಯ ಸಲ ಕೇಳಲಿಲ್ಲ.

ಹನ್ನೊಂದು ವರ್ಷದ ಹಿಂದೆ ಊರಿನ ಹಿರಿಜಡೆ ಹೋದರು. ಊರಿನಲ್ಲೇ ಉದ್ದ ಜಡೆಯ ಹೆಂಗಸಿಗೆ ನಮ್ಮಲ್ಲಿ ಹಿರಿಜಡೆ ಎನ್ನುತ್ತಾರೆ. ಯಾರ ಮನೆಯ ಮದುವೆಯಾದರೂ ಮದುಮಗಳ ಮೊಗ್ಗಿನ ಜಡೆಗೆ ಮೊದಲ ಎಳೆ ಹಾಕುವುದು ಅವಳೇ. ಅವಳು ಬರುವವರೆಗೆ ಹಸೆಮಣೆಯ ಶಾಸ್ತ್ರ ನಿಂತಿರುತ್ತದೆ. ಹೊಸ ಹಿರಿಜಡೆಯನ್ನು ಆರಿಸುವುದು ಅರಳಿಕಟ್ಟೆಯಲ್ಲಿ, ನೂಲು ಹಿಡಿದು ಅಳೆದು. ಅಳತೆಯಲ್ಲಿ ಗೆದ್ದವಳನ್ನು ಮೂರು ಸಲ ‘ಯಾರ ಕೈ?’ ಎಂದು ಕೇಳುತ್ತಾರೆ. ಅವಳು ಹೆಸರು ಹೇಳಬೇಕು. ಜಡೆಗೆ ಸೀರೆ, ಕೈಗೆ ಬಳೆ. ಹೆಸರು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಬಳೆಗಾರ ಎರಡೂ ಕೈತುಂಬ ಹಸಿರು ಬಳೆ ತೊಡಿಸುತ್ತಾನೆ. ಗಂಡಸಾದರೂ ಬಳೆಯೇ; ಪದ್ಧತಿಗೆ ಗಂಡು ಹೆಣ್ಣು ತಿಳಿಯದು.

ಆ ದಿನ ಅತ್ತಿಗೆ ಬೆಳಕು ಹರಿಯುವ ಮೊದಲೇ ಸಾಂಬ್ರಾಣಿ ಹಾಕಿದರು. ನಾಲ್ಕು ಗಂಟೆ ಕೂತು ನನ್ನ ಜಡೆ ಹೆಣೆದರು, ಒಂದೆಳೆಯೂ ಮೇಲೇಳದ ಹಾಗೆ. ಆಮೇಲೆ ಕಡ್ಲೆಹಿಟ್ಟು ಹಾಕಿ ಮೊಣಕೈಯವರೆಗೆ ತಿಕ್ಕಿ ತಿಕ್ಕಿ ಕೈ ತೊಳೆದರು. ನಾನು ಸೀರೆ ನೆರಿಗೆ ಹಿಡಿಯುತ್ತಿದ್ದೆ. ಹಿತ್ತಲಿನಲ್ಲಿ ಸಣ್ಣ ಸದ್ದಾಯಿತು. ಇಣುಕಿ ನೋಡಿದರೆ ಅವರು ತಮ್ಮ ಹಳೆಯ ಗಾಜಿನ ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ಬಿಚ್ಚಿ ಗೂಡಿನಲ್ಲಿ ಇಡುತ್ತಿದ್ದರು. ಬರಿಗೈಯಲ್ಲಿ ಹೊಸ್ತಿಲು ದಾಟುವುದು ನಮ್ಮಲ್ಲಿ ಒಳ್ಳೆಯದಲ್ಲ. ಅದಕ್ಕೇ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನನ್ನ ಹಿಂದೆ ಬಂದರು. ಹೊಸ ಬಳೆಗೆ ಜಾಗ ಮಾಡಿಕೊಂಡಿದ್ದಾರೆ ಎಂದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೇ ನಾನು ಆ ಮಾತು ಆಡಿದ್ದು.

ಅಳತೆಯಲ್ಲಿ ಮೇಲಿನ ಕೇರಿಯ ರುದ್ರಾಂಬೆಗಿಂತ ನನ್ನ ಜಡೆ ನಾಲ್ಕು ಬೆರಳು ಮುಂದಾಯಿತು. ನೂಲು ಹಿಡಿದಿದ್ದ ಸಿದ್ಧವ್ವಜ್ಜಿ, ಊರಿನ ಹೆಂಗಸರಿಗೆಲ್ಲ ಹಿರಿಯಳು, ದನಿಯೆತ್ತಿ ಕೇಳಿದಳು. ‘ಯಾರ ಕೈ?’

ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಕಟ್ಟೆಯ ಕೆಳಗೆ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದರು. ಸೆರಗಿನಿಂದ ಒಂದು ಮುಂಗೈ ಹೊರಗಿತ್ತು, ಬೋಳು. ಬಾಯಿ ತೆರೆದೆ.

ಪಕ್ಕದಲ್ಲಿದ್ದ ರುದ್ರಾಂಬೆ ನನ್ನ ಕಿವಿಯ ಬಳಿ ಬಂದಳು. ‘ಯೋಚನೆ ಮಾಡಿ ಹೇಳೇ ತಾಯಿ. ಬಾಳಲಾರದೆ ಬಂದವಳ ಕೈಯಲ್ಲಿ ಬೆಳೆದ ಜಡೆ ಅಂದ್ರೆ, ಯಾವ ತಾಯಿ ತನ್ನ ಮಗಳ ಮೊಗ್ಗಿನ ಜಡೆ ಮುಟ್ಟಿಸ್ತಾಳೆ?’

‘ಯಾರ ಕೈ?’ ಎರಡನೆಯ ಸಲ.

ರುದ್ರಾಂಬೆ ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ. ಅವಳಿಗೆ ನಾಲ್ಕು ಬೆರಳು ಕಡಿಮೆ ಇತ್ತು, ನನಗೆ ಅದಕ್ಕಿಂತ ಕಡಿಮೆ ಇತ್ತು ಧೈರ್ಯ. ಮದುವೆಮನೆಗಳಲ್ಲಿ ನನಗಾಗಿ ಕಾಯುವ ಜನ, ನಾನು ಬಂದೆ ಎಂದು ದಾರಿ ಬಿಡುವ ಹೆಂಗಸರು, ಎಲ್ಲ ಆಗಲೇ ನನ್ನದಾಗಿತ್ತು. ಕೈಗೆ ಬಂದದ್ದು ಹೋಗುತ್ತದೆ ಎಂದು ಹೆದರಿದೆ.

‘ಯಾರ ಕೈ?’

‘ನಮ್ಮ ಯಜಮಾನರ ಕೈ’ ಎಂದೆ.

ಗುರುಸಿದ್ದಪ್ಪ ಗಿರಣಿಯಿಂದ ನೇರ ಬಂದು ಗಂಡಸರ ಸಾಲಿನಲ್ಲಿ ನಿಂತಿದ್ದರು. ಎಲ್ಲರೂ ತಿರುಗಿ ನೋಡಿದಾಗ ಅವರು ತಮ್ಮ ಕೈ ನೋಡಿಕೊಂಡರು. ಬರೀ ಹಿಟ್ಟು. ಹಾಗೇ ಕಟ್ಟೆ ಹತ್ತಿ ಕೂತರು. ಬಳೆಗಾರ ಮುದ್ದಯ್ಯ ದೊಡ್ಡ ಅಳತೆಯ ಬಳೆ ಹುಡುಕಿ ತೊಡಿಸಲು ಹೋದರೆ ಬೆರಳಗೆಣ್ಣು ದಾಟಲಿಲ್ಲ. ಎರಡು ಒಡೆದವು. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಬಳೆಗಳನ್ನು ದಾರಕ್ಕೆ ಪೋಣಿಸಿ ಅವರ ಮುಂಗೈಗೆ ಕಟ್ಟಿದರು. ನಾನೂ ನಕ್ಕೆ. ನಗುತ್ತ ನಗುತ್ತ ಕಟ್ಟೆಯ ಕೆಳಗೆ ನೋಡಿದಾಗ ಅತ್ತಿಗೆ ಬಟ್ಟಲನ್ನು ನೆಲದಲ್ಲಿಟ್ಟು ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಗಂಡ ಕೇಳಿದರು. ‘ಯಾಕೆ ಹಾಗಂದೆ?’

‘ಸುಮ್ನಿರಿ, ಆಗಿದ್ದಾಯ್ತು’ ಎಂದೆ.

ಅವರಿಗೂ ಅಕ್ಕನ ಮುಖ ನೋಡುವ ಧೈರ್ಯ ಇರಲಿಲ್ಲ. ಹಿತ್ತಲಿನ ಗೂಡಿನ ಬಳಿ ಹಳೆಯ ಬಳೆಗಳು ಮತ್ತೆ ಕೈಗೇರುವ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಕಾಫಿ ಕುಡಿದೆವು.

ಶುಕ್ರವಾರ ಬಂತು. ಹಿತ್ತಲಿನಿಂದ ಎಂದಿನ ದನಿ: ‘ಬಾ ನಾಗಿ, ಎಣ್ಣೆ ಆರುತ್ತೆ.’ ಒಂದು ಮಾತಿಲ್ಲ, ಒಂದು ಕೊಂಕಿಲ್ಲ. ತುದಿಯಿಂದ ಶುರು ಮಾಡಿ ಮೇಲೆ ಹೋದರು, ಒಂದು ಕೂದಲು ಎಳೆಯಲಿಲ್ಲ. ಸಿಟ್ಟಿನ ಕೈಯಲ್ಲಿ ಕೂದಲು ಬೆಳೆಯುವುದಿಲ್ಲ ಎಂದು ನಮ್ಮೂರಿನಲ್ಲಿ ಹೇಳುತ್ತಾರೆ. ನಾನು ಪ್ರತಿ ತಿಂಗಳೂ ಬಾಗಿಲು ಹಾಕಿಕೊಂಡು ಜಡೆ ಅಳೆದುಕೊಂಡೆ. ನಿಂತುಹೋಗಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು. ಬೈದಿದ್ದರೆ, ಕೂದಲು ನಿಂತಿದ್ದರೆ, ಲೆಕ್ಕ ಚುಕ್ತಾ ಆಯಿತು ಎಂದು ಉಸಿರಾಡಬಹುದಿತ್ತು. ನಿಲ್ಲಲಿಲ್ಲ. ತಿಂಗಳಿಗೆ ಒಂದು ಬೆರಳಗಲ, ಮೊದಲಿನಂತೆಯೇ ಬೆಳೆಯಿತು. ಅದನ್ನು ಎಳೆದುಕೊಂಡು ನಾನು ಹನ್ನೊಂದು ವರ್ಷ ಊರಿನ ಮದುಮಕ್ಕಳಿಗೆಲ್ಲ ಮೊದಲ ಎಳೆ ಹಾಕಿದೆ. ಪ್ರತಿ ಸಲವೂ ಹಾಕುವ ಮೊದಲು ಹಿರಿಜಡೆ ‘ಇಂಥವರ ಕೈಯ ಪುಣ್ಯ ನಿನಗೂ ಬರಲಿ’ ಎಂದು ಹೆಸರು ಹೇಳಿ ಹರಸಬೇಕು. ಪ್ರತಿ ಸಲವೂ ಗಂಡನ ಹೆಸರು ಹೇಳಿದೆ. ಸುಳ್ಳು ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಹತ್ತನೆಯ ಸಲಕ್ಕೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ.

ಕಳೆದ ವರ್ಷ ಮಳೆಗಾಲ ಮುಗಿಯುವಾಗ ಅತ್ತಿಗೆಯ ಕೈಯಿಂದ ಬಾಚಣಿಗೆ ಬೀಳಲು ಶುರುವಾಯಿತು. ಗೆಣ್ಣುಗಳು ಊದಿಕೊಂಡಿದ್ದವು. ಬಿದ್ದಾಗಲೆಲ್ಲ ‘ಥೂ, ಎಣ್ಣೆ ಕೈ’ ಎಂದು ನೆಪ ಹೇಳಿ ಎತ್ತಿಕೊಳ್ಳುತ್ತಿದ್ದರು. ಒಂದು ಶುಕ್ರವಾರ ನಾನು ಮಣೆಯ ಮೇಲೆ ಕೂತಿದ್ದೆ. ಬಹಳ ಹೊತ್ತಾದರೂ ತಲೆಗೆ ಕೈ ತಾಗಲಿಲ್ಲ. ತಿರುಗಿ ನೋಡಿದರೆ ಬಟ್ಟಲಿನಲ್ಲಿ ಅದ್ದಿದ ಕೈ ಎದೆಯೆತ್ತರಕ್ಕೆ ಬಂದು ನಿಂತಿತ್ತು. ಎಣ್ಣೆ ಮೊಣಕೈಗಿಳಿದು ಸೀರೆಗೆ ತೊಟ್ಟಿಕ್ಕುತ್ತಿತ್ತು.

‘ಏಳ್ತಿಲ್ಲ ಕಣೇ ಕೈ’ ಎಂದರು, ಅವರೇ ಏನೋ ತಪ್ಪು ಮಾಡಿದವರ ಹಾಗೆ. ‘ಇನ್ನು ನನ್ನ ಕೈಲಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋ ನಾಗಿ. ನಿನ್ನ ಜಡೆ ಹಾಳಾಗಬಾರದು.’

ಆಗ ನನಗೆ ಮೊದಲು ಬಂದ ಯೋಚನೆ ಯಾವುದು ಎಂದು ಬರೆಯಲು ಕೈ ಹಿಂಜರಿಯುತ್ತದೆ. ಇನ್ನು ನನಗೆ ಯಾರು ಮಾಡುತ್ತಾರೆ ಎಂದುಕೊಂಡೆ. ಎದುರಿಗೆ ಕೂತವರ ನೋಯುವ ಕೈ ಎರಡನೆಯದಾಗಿ ಕಂಡಿತು. ಎರಡರ ನಡುವೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಆದರೆ ಮೂವತ್ತೊಂದು ವರ್ಷದ ನನ್ನ ಬಂಡವಾಳವೆಲ್ಲ ಆ ಒಂದು ಉಸಿರಿನಲ್ಲಿ ನನಗೇ ಕಂಡುಬಿಟ್ಟಿತು. ಮಣೆಯಿಂದ ಎದ್ದೆ. ಸೆರಗಿನಿಂದ ಅವರ ಕೈ ಒರೆಸಿ, ಬಟ್ಟಲು ತೆಗೆದುಕೊಂಡೆ.

‘ಅತ್ತಿಗೆ, ನಿಮ್ಮ ತಲೆಗೆ ಎಣ್ಣೆ ಹಚ್ಚಲಾ?’

ಅವರು ನನ್ನ ಮುಖ ನೋಡಿದರು. ‘ಬೇಡ ಬಿಡೇ.’

‘ಹಚ್ತೀನಿ ಬನ್ನಿ.’

‘ಬೇಡ ಅಂದೆನಲ್ಲ. ಈ ವಯಸ್ಸಿನಲ್ಲಿ ನನಗ್ಯಾಕೆ ಅದೆಲ್ಲ? ಹೋಗು, ಒಲೆ ಮೇಲೆ ಬೇಳೆ ಇದೆ.’

ಬೇಳೆ ಉಕ್ಕಿ ಒಲೆಗೆ ಸುರಿಯುವ ಸದ್ದು ಕೇಳಿಸಿತು, ಸುರಿಯಲಿ ಬಿಡು ಎಂದು ನಿಂತೆ. ‘ಎಣ್ಣೆ ಆರುತ್ತೆ ಅತ್ತಿಗೆ’ ಎಂದೆ, ಮೂರನೆಯ ಸಲ. ಅವರು ನನ್ನನ್ನು ಕರೆಯುತ್ತಿದ್ದ ಮಾತೇ ಅದು, ನನ್ನದೆಂಬ ಮಾತು ನನ್ನ ಬಳಿ ಯಾವುದೂ ಇರಲಿಲ್ಲ.

ಅವರು ಮೆಲ್ಲಗೆ ಮಣೆ ಎಳೆದುಕೊಂಡು ನನಗೆ ಬೆನ್ನು ಹಾಕಿ ಕೂತರು. ಸೆರಗು ತೆಗೆಯಲು ಅವರ ಬೆರಳು ಮಡಚಲಿಲ್ಲ, ನಾನೇ ತೆಗೆದೆ. ಕೂದಲೆಲ್ಲ ಬೆಳ್ಳಗಾಗಿತ್ತು. ಉದ್ದ ಮಾತ್ರ ಅದೇ, ನಲವತ್ತೊಂದು ವರ್ಷದ ಹಿಂದೆ ಟ್ರಂಕು ಹಿಡಿದು ಬಂದ ದಿನದ್ದು. ಬೈತಲೆ ತೆಗೆಯಲು ಬಾಚಣಿಗೆಯ ತುದಿ ಇಟ್ಟು ಎಳೆದೆ. ನೆತ್ತಿಯ ಹಿಂದೆ ಬಾಚಣಿಗೆ ತಡೆಯಿತು. ಕೂದಲು ಸರಿಸಿದೆ. ಬೆರಳುದ್ದದ ಮೂರು ಗಾಯದ ಕಲೆಗಳು, ಒಂದರ ಪಕ್ಕ ಒಂದು. ಅಲ್ಲಿ ಕೂದಲು ಹುಟ್ಟಿರಲಿಲ್ಲ, ಚರ್ಮ ಹೊಳೆಯುತ್ತಿತ್ತು.

‘ಇದೇನು ಅತ್ತಿಗೆ?’

‘ಊದುಗೊಳವೆ’ ಎಂದರು. ‘ಕಬ್ಬಿಣದ್ದು. ಮೂರನೇ ಏಟಿಗೆ ಎದ್ದು ಬಂದೆ. ನಾಲ್ಕನೇದಕ್ಕೆ ಇದ್ದಿದ್ರೆ ಬಾಳಿದವಳು ಅಂತ ಹೆಸರು ಬರ್ತಿತ್ತೇನೋ.’

‘ಯಾರಿಗೂ ಯಾಕೆ ಹೇಳ್ಲಿಲ್ಲ?’

‘ಬಾಯಲ್ಲಿ ಬೇರೆ ಹೇಳ್ಬೇಕಾ? ಬೇರೆ ಊರಾದ್ರೆ ಸರಿ, ನಮ್ಮೂರಲ್ಲಿ ಹೆಣ್ಣುಮಗಳ ತಲೆ ನೋಡ್ತಾರೆ ಅಂದ್ಕೊಂಡಿದ್ದೆ. ಅವ್ವ ಒಂದೇ ಒಂದು ಸಲ ಬೈತಲೆ ತೆಗೆದಿದ್ರೆ ಕಾಣ್ತಿತ್ತು. ತೆಗೀಲಿಲ್ಲ.’ ಅವರ ದನಿಯಲ್ಲಿ ದೂರೇ ಇರಲಿಲ್ಲ. ‘ಆಮೇಲೆ ನೀನು ಬಂದೆ. ಒಂದು ದಿನ ಕೇಳಿದೆ, ನೆನಪಿದೆಯೋ ಇಲ್ವೋ. ನಾನು ಬೇಡ ಅಂದೆ. ಮತ್ತೆರಡು ಸಲ ಕೇಳ್ತಾಳೆ ಅಂತ ಎಣ್ಣೆ ಬಟ್ಟಲು ಹಿಡ್ಕೊಂಡು ಕೂತಿದ್ದೆ ಕಣೇ. ಬಿಸಿಲು ಬಾವಿಕಟ್ಟೆ ದಾಟೋವರೆಗೂ ಕೂತಿದ್ದೆ.’

ನೆನಪಿಲ್ಲ ಎಂದು ಹೇಳುವಷ್ಟು ನೀಚಳಾಗದೆ ಉಳಿದೆ, ಅಷ್ಟೇ. ಎಣ್ಣೆಯನ್ನು ಆ ಮೂರು ಗೆರೆಗಳ ಮೇಲೆ ಬೆರಳ ತುದಿಯಲ್ಲಿ, ಉಗುರು ತಾಕದ ಹಾಗೆ ಹಚ್ಚಿದೆ. ನನ್ನ ಕೈ ಒರಟು, ಅವರಿಗೆ ನೋವಾಗಿರಬೇಕು. ಹೇಳಲಿಲ್ಲ.

ಮೂರು ತಿಂಗಳು ಅವರ ಕೂದಲು ಅಲುಗಲಿಲ್ಲ. ಸಿಟ್ಟಿನ ಕೈಯಲ್ಲಿ ಬೆಳೆಯುವುದಿಲ್ಲ, ಸರಿ. ನಾಚಿಕೆಯ ಕೈಯಲ್ಲಿ ಬೆಳೆಯುತ್ತದೋ ಇಲ್ಲವೋ ಯಾರನ್ನು ಕೇಳಲಿ? ಗರುಗದ ಸೊಪ್ಪು ಅರೆದೆ, ಮೆಂತ್ಯ ರುಬ್ಬಿದೆ, ಅವರ ತಟ್ಟೆಗೆ ನುಗ್ಗೆಸೊಪ್ಪು ಹಾಕಿ ತಿನ್ನುವವರೆಗೆ ಎದುರಿಗೆ ಕೂತೆ. ‘ನನ್ನ ಬುದ್ಧಿ ನನಗೇ ತಿರುಗಿಸ್ತಿದ್ದೀಯ’ ಎಂದು ನಗುತ್ತಿದ್ದರು. ನಾಲ್ಕನೆಯ ತಿಂಗಳು ಕುತ್ತಿಗೆಯ ಹತ್ತಿರ ಅಳೆದು ನೋಡಿದರೆ ಅರ್ಧ ಬೆರಳು ಹೆಚ್ಚಾಗಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ನನ್ನ ಜಡೆ ಅಷ್ಟರಲ್ಲಿ ತುದಿ ಸೀಳಿ ಒಡೆಯುತ್ತಿತ್ತು. ‘ಗುರುಸಿದ್ದಪ್ಪನ ಕೈ ಸೋತಿತೇನೇ?’ ಎಂದು ನೀರಿನ ನಲ್ಲಿಯ ಹತ್ತಿರ ಹೆಂಗಸರು ಕೇಳಲು ಶುರು ಮಾಡಿದ್ದರು.

ಈ ವರ್ಷದ ಮೊದಲ ಮದುವೆ ರುದ್ರಾಂಬೆಯ ಮಗಳದು. ಹಸೆಮಣೆಯ ಮೇಲೆ ಹುಡುಗಿ ಕೂತಿದ್ದಳು, ತಟ್ಟೆಯಲ್ಲಿ ಮಲ್ಲಿಗೆ ಮೊಗ್ಗು. ನನ್ನ ಕೈಗೆ ದಾರ ಕೊಟ್ಟರು. ‘ಹರಸಮ್ಮ’ ಎಂದಳು ಸಿದ್ಧವ್ವಜ್ಜಿ. ಅವಳಿಗೀಗ ಕಣ್ಣು ಮಂಜು. ಅತ್ತಿಗೆ ಕಂಬದ ಪಕ್ಕ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದರು. ನಾನು ಬಾಯಿ ತೆರೆದೆ, ಗಂಡನ ಹೆಸರು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತ್ತು. ಅದನ್ನು ನುಂಗಿದೆ.

‘ಚೆನ್ನಾಜಮ್ಮನ ಕೈಯ ಪುಣ್ಯ ನಿನಗೂ ಬರಲಿ’ ಎಂದೆ. ‘ಈ ಜಡೆ ನಮ್ಮತ್ತಿಗೆ ಚೆನ್ನಾಜಮ್ಮನ ಕೈಯದು. ಮೊದಲಿನಿಂದಲೂ ಅವರದೇ. ನಾನು ಅರಳಿಕಟ್ಟೆಯಲ್ಲಿ ಹೇಳಿದ್ದು ಸುಳ್ಳು.’

ವಾಲಗ ನಿಂತಿತು. ರುದ್ರಾಂಬೆ ಕೆಂಪಗಾಗಿ ಬಂದು ನನ್ನ ಕೈಯಿಂದ ದಾರ ಕಿತ್ತುಕೊಂಡಳು. ‘ನನ್ನ ಮಗಳ ಮದುವೆಯೇ ಬೇಕಿತ್ತೇನೇ ನಿನಗೆ ಸತ್ಯವಂತೆ ಆಗೋಕೆ? ಹನ್ನೊಂದು ವರ್ಷ ಊರಿನ ಮದುಮಕ್ಕಳ ತಲೆ ಮೇಲೆಲ್ಲ ಸುಳ್ಳು ಹೇಳಿದೆಯಲ್ಲೇ!’ ಅಂದು ನನ್ನ ಕಿವಿಯೂದಿದವಳು ಅವಳೇ ಆದರೂ, ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಈ ಸಲವೂ ನಾನು ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಇನ್ನೊಬ್ಬರ ಮನೆಯ ಶುಭಕಾರ್ಯವನ್ನು ತಡೆದಿದ್ದೆ. ನಾನು ಹಸೆಯಿಂದ ಇಳಿದೆ. ಹಿರಿಜಡೆ ಎಂಬ ಹೆಸರು ಅಲ್ಲೇ ಉಳಿಯಿತು. ನನ್ನ ಗಂಡ ಗಂಡಸರ ಸಾಲಿನಿಂದ ಎದ್ದು ಬಂದು ನನ್ನ ಪಕ್ಕ ನಿಂತರು, ತಲೆ ತಗ್ಗಿಸಿ.

ಸಿದ್ಧವ್ವಜ್ಜಿ ಕೋಲು ಕುಟ್ಟಿದಳು. ‘ಜಡೆ ಮಾತು ಆಮೇಲೆ. ಕೈಗೆ ಬಳೆ ಬಾಕಿ ಇದೆ. ಎಲ್ಲಿ ಚೆನ್ನಾಜಿ? ಮುದ್ದಯ್ಯ, ಬಾರಪ್ಪ ಇಲ್ಲಿ.’

ಮದುವೆಮನೆಗೆ ಬಳೆ ತೊಡಿಸಲು ಬಂದಿದ್ದ ಮುದ್ದಯ್ಯ ಬಳೆಗಳ ಮಲಾರ ಹೊತ್ತು ಕಂಬದ ಹತ್ತಿರ ಹೋದ. ಅತ್ತಿಗೆಯ ಕೈ ಹಿಡಿದು ಹಸಿರು ಬಳೆಯನ್ನು ಬೆರಳು ದಾಟಿಸಿದ. ಗೆಣ್ಣಿನ ಹತ್ತಿರ ನಿಂತಿತು. ದೊಡ್ಡ ಅಳತೆ ತೆಗೆದ, ಅದೂ ನಿಂತಿತು. ಇನ್ನೂ ದೊಡ್ಡದು, ಗುರುಸಿದ್ದಪ್ಪನಿಗೆ ತೊಡಿಸಲು ಹೋದ ಅಳತೆಯದು, ಅದು ಕೂಡ ಅಲ್ಲೇ ನಿಂತಿತು. ಈ ಸಲ ಯಾರೂ ನಗಲಿಲ್ಲ.

‘ಬಿಡಪ್ಪ ಮುದ್ದಯ್ಯ, ಒಡೀತಾವೆ’ ಎಂದರು ಅತ್ತಿಗೆ. ‘ಮದುವೆಮನೇಲಿ ಬಳೆ ಒಡೀಬಾರದು.’

ಅವರು ಕೈ ಎಳೆದುಕೊಳ್ಳುವ ಭರದಲ್ಲಿ ಸೆರಗು ತಲೆಯಿಂದ ಜಾರಿತು. ಮತ್ತೆ ಹೊದ್ದುಕೊಳ್ಳಲು ಬೆರಳು ಕೇಳಲಿಲ್ಲ. ಬಿಳಿಯ ಕೂದಲು ಕುತ್ತಿಗೆ ದಾಟಿ ರವಿಕೆಯ ಅಂಚಿಗೆ ತಾಗುತ್ತಿತ್ತು, ಬೈತಲೆ ಒಂದಿಷ್ಟು ಸೊಟ್ಟ, ಎಣ್ಣೆಗೆ ಹೊಳೆಯುತ್ತಿತ್ತು. ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆ ತಲೆಯಲ್ಲಿ ಕೂದಲು ಬೆಳೆದದ್ದನ್ನು ಊರು ನೋಡಿರಲೇ ಇಲ್ಲ. ಸಿದ್ಧವ್ವಜ್ಜಿ ಮಂಜುಗಣ್ಣಲ್ಲಿ ನಂಬಲಾರದೆ ಬಗ್ಗಿ, ಬೆರಳಿನಿಂದ ತಡವಿ ತಡವಿ ನೋಡಿದಳು.

‘ಯಾರ ಕೈಯೇ ಚೆನ್ನಾಜಿ?’

ನಾನು ನೆಲ ನೋಡಿದೆ. ಅವರು ಎರಡನೆಯ ಸಲ ಕೇಳಿಸಿಕೊಳ್ಳಲಿಲ್ಲ, ಅಕ್ಕಪಕ್ಕ ಯಾರ ಮುಖವನ್ನೂ ನೋಡಲಿಲ್ಲ.

‘ನಮ್ಮ ನಾಗಿ ಕೈ, ಇನ್ಯಾರ ಕೈ’ ಎಂದರು, ಇಡೀ ಚಪ್ಪರಕ್ಕೆ ಕೇಳುವ ಹಾಗೆ.

ಮುದ್ದಯ್ಯ ಮಲಾರ ಎತ್ತಿಕೊಂಡು ನನ್ನ ಕಡೆ ಬಂದ. ಪದ್ಧತಿಯಂತೆ ನನ್ನ ಎರಡೂ ಕೈ ಹಿಡಿದು ಹಸಿರು ಬಳೆ ತೊಡಿಸಿದ. ನನ್ನ ಕೈಗೆ ಅವು ಸಲೀಸಾಗಿ ಏರಿದವು.